ಪ್ರೌಢಶಾಲಾ ಮಕ್ಕಳ ವಿದ್ಯುತ್ ರೇಸ್ ಕಾರು: ಧಾರವಾಡ ಜಿಲ್ಲೆಯ ಉದ್ದಿಮೆಗಳ ಮುಂದಿರುವ ಅವಕಾಶ

ನವಲಗುಂದ ತಾಲೂಕಿನ ತಿರ್ಲಾಪುರ ಎರೆ ಭೂಮಿಯ ಊರು. ಹೆಸರು, ಹತ್ತಿ, ಕಡಲೆ ಬೆಳೆಯುವ ಈ ಸೀಮೆಯ ಹಳ್ಳಿಗಳಲ್ಲಿ ಯಂತ್ರವೆಂಬುದು ಅಪರೂಪದ ವಸ್ತುವಾಗಿ ಉಳಿದಿಲ್ಲ. ಟ್ರ್ಯಾಕ್ಟರ್, ರಾಶಿ ಮಷಿನ್, ಪಂಪ್‌ಸೆಟ್, ಬ್ಯಾಟರಿಯಿಂದ ನಡೆಯುವ ಔಷಧ ಸಿಂಪಡಿಸುವ ಪಂಪು ಇವೆಲ್ಲ ಮಕ್ಕಳ ಕಣ್ಣೆದುರಿಗೇ ಕೆಲಸ ಮಾಡುತ್ತವೆ, ಕಣ್ಣೆದುರಿಗೇ ಕೆಡುತ್ತವೆ. ಕೆಟ್ಟಾಗ ಬಿಚ್ಚಿ ನೋಡುವವರ ಸುತ್ತ ಎಂಟು, ಒಂಬತ್ತನೆಯ ತರಗತಿಯ ಹುಡುಗ ಹುಡುಗಿಯರು ನೆರೆದಿರುತ್ತಾರೆ. ಅದೇ ಮಕ್ಕಳು ಹತ್ತನೆಯ ತರಗತಿಗೆ ಬಂದಾಗ ಓಮ್‌ನ ನಿಯಮವನ್ನೂ ಜೂಲ್‌ನ ಉಷ್ಣ ನಿಯಮವನ್ನೂ ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಹೊಲದ ಯಂತ್ರಕ್ಕೂ ಪುಸ್ತಕದ ಸೂತ್ರಕ್ಕೂ ಸಂಬಂಧವಿದೆಯೆಂದು ತೋರಿಸಿಕೊಡುವ ಏರ್ಪಾಡು ಮಾತ್ರ ಗ್ರಾಮೀಣ ಶಾಲೆಗಳಲ್ಲಿ ಕಡಿಮೆ.

ಈ ಕೊರತೆ ಹಳೆಯದು. ಅದನ್ನು ವಾಣಿಜ್ಯೋದ್ಯಮ ವಲಯದ ಮುಂದೆ ಈಗ ಮತ್ತೆ ಇಡಬೇಕಾದ ಕಾರಣ ಮಾತ್ರ ಹೊಸದು. ವಾಹನೋದ್ಯಮವು ಎಂಜಿನ್ನಿನಿಂದ ಮೋಟರಿನ ಕಡೆಗೆ ಹೊರಳುತ್ತಿದೆ. ಪಿಸ್ಟನ್, ಫಿಲ್ಟರ್, ಸೈಲೆನ್ಸರ್, ಕ್ಲಚ್ ಪ್ಲೇಟುಗಳ ಮಾರಾಟವನ್ನೇ ನಂಬಿದ ಬಿಡಿಭಾಗದ ಅಂಗಡಿಗಳಿಗೂ, ಎಂಜಿನ್ ಬಿಚ್ಚುವುದನ್ನಷ್ಟೇ ಕಲಿತ ಗ್ಯಾರೇಜುಗಳಿಗೂ ಇದರ ಬಿಸಿ ತಟ್ಟದೆ ಇರದು. ಕರ್ನಾಟಕವು 2017ರಲ್ಲಿಯೇ ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿ ದೇಶದಲ್ಲಿ ಮೊದಲಿನ ರಾಜ್ಯವಾಯಿತು. ಧಾರವಾಡದಲ್ಲಿ ಟಾಟಾ ಸಮೂಹದ ಲಘು ವಾಣಿಜ್ಯ ವಾಹನ ಹಾಗೂ ಬಸ್ ನಿರ್ಮಾಣದ ಕಾರ್ಖಾನೆಗಳಿವೆ. ಇಂದು ಒಂಬತ್ತನೆಯ ತರಗತಿಯಲ್ಲಿರುವ ವಿದ್ಯಾರ್ಥಿ ದುಡಿಮೆಗೆ ಇಳಿಯುವ ಹೊತ್ತಿಗೆ ಇಂತಹ ಕಾರ್ಖಾನೆಗಳು ಕೇಳುವ ಕೌಶಲ ಬೇರೆಯೇ ಆಗಿರುತ್ತದೆ. ಆ ಕೌಶಲದ ಮೊದಲ ಪಾಠವನ್ನು ಇಂಗ್ಲೆಂಡ್ ಹಾಗೂ ಅಮೆರಿಕದ ಹಲವು ಶಾಲೆಗಳು ಒಂದು ಆಟದ ಮೂಲಕ ಕಲಿಸಿವೆ. ಮಕ್ಕಳೇ ಒಬ್ಬರು ಕೂರುವಷ್ಟು ಚಿಕ್ಕದಾದ ವಿದ್ಯುತ್ ರೇಸ್ ಕಾರನ್ನು ಕಟ್ಟಿ, ಓಡಿಸಿ, ಇತರ ಶಾಲೆಗಳೊಂದಿಗೆ ಪೈಪೋಟಿಗೆ ಇಳಿಯುವುದೇ ಆ ಆಟ.

ಒಂದೇ ಬಗೆಯ ಮೋಟರ್, ಒಂದೇ ಬಗೆಯ ಬ್ಯಾಟರಿ

ಇಂಗ್ಲೆಂಡಿನ ಗ್ರೀನ್‌ಪವರ್ ಎಜುಕೇಶನ್ ಟ್ರಸ್ಟ್ 1999ರಲ್ಲಿ ಗುಡ್‌ವುಡ್ ಎಂಬಲ್ಲಿ ಇಂತಹ ಸ್ಪರ್ಧೆಯನ್ನು ಆರಂಭಿಸಿತು. ಮುಂದೆ ವಯಸ್ಸಿಗೆ ತಕ್ಕಂತೆ ವಿಭಾಗಗಳಾದವು. 9ರಿಂದ 11 ವರ್ಷದವರಿಗೆ ಚಿಕ್ಕ ಗಾಡಿಗಳು, 11ರಿಂದ 16 ವರ್ಷದವರಿಗೆ 'ಫಾರ್ಮುಲಾ 24' ಎಂಬ ವಿಭಾಗ, ಅದಕ್ಕೂ ಮೇಲಿನವರಿಗೆ ಇನ್ನೊಂದು. ಇಲ್ಲಿಯ ಮುಖ್ಯ ನಿಯಮ ಸರಳವಾಗಿತ್ತು. ಪ್ರತಿಯೊಂದು ತಂಡಕ್ಕೂ ಒಂದೇ ಬಗೆಯ 24 ವೋಲ್ಟ್ ಮೋಟರ್. 12 ವೋಲ್ಟಿನ ಒಂದೇ ಬಗೆಯ ಎರಡು ಬ್ಯಾಟರಿ. ಉಳಿದಂತೆ ಚೌಕಟ್ಟು, ಚಕ್ರ, ಗೇರ್ ಅನುಪಾತ, ಮೇಲ್ಹೊದಿಕೆಯ ಆಕಾರ ಎಲ್ಲವೂ ಮಕ್ಕಳ ಬುದ್ಧಿಗೆ ಬಿಟ್ಟದ್ದು. ನಿಗದಿತ ಅವಧಿಯಲ್ಲಿ ಯಾವ ಕಾರು ಹೆಚ್ಚು ದೂರ ಕ್ರಮಿಸುತ್ತದೆಯೋ ಅದಕ್ಕೆ ಗೆಲುವು. ಸೀಮೆನ್ಸ್‌ನಂತಹ ದೊಡ್ಡ ಕಂಪನಿಗಳು ಇದಕ್ಕೆ ಪ್ರಾಯೋಜಕರಾಗಿ ನಿಂತವು.

ಅಮೆರಿಕದ 'ಇಲೆಕ್ಟ್ರಥಾನ್' ಸ್ಪರ್ಧೆಯೂ ಇದೇ ಜಾತಿಯದು. ಅಲ್ಲಿ ಸೀಸ-ಆಮ್ಲ ಬ್ಯಾಟರಿಯ ತೂಕಕ್ಕೆ ಮಿತಿ, 73 ಪೌಂಡ್, ಅಂದರೆ ಸುಮಾರು 33 ಕಿಲೋ. ಅಷ್ಟರಲ್ಲಿ ಒಂದು ಗಂಟೆ ಓಡಬೇಕು, ದೂರವನ್ನು ಅಳೆಯಲಾಗುತ್ತದೆ.

ಉತ್ತರ ಕರ್ನಾಟಕದವರಿಗೆ ಈ ನಿಯಮ ಹೊಸತೆನಿಸಬಾರದು. ಕಾರಹುಣ್ಣಿಮೆ, ಜಾತ್ರೆಗಳ ಸಂದರ್ಭದಲ್ಲಿ ಈ ಭಾಗದ ಊರುಗಳಲ್ಲಿ ನಡೆಯುವ ಖಾಲಿ ಗಾಡಾ ಓಡಿಸುವ ಸ್ಪರ್ಧೆಯಲ್ಲಿ ಎತ್ತಿನ ಜೋಡಿ ನಿಗದಿತ ಸಮಯದಲ್ಲಿ ಎಷ್ಟು ಅಡಿ ಕ್ರಮಿಸಿತೆಂಬುದನ್ನೇ ಅಳೆದು ಬಹುಮಾನ ಕೊಡುವುದು ವಾಡಿಕೆ. ಎತ್ತಿನ ಬಲದ ಜಾಗದಲ್ಲಿ ಬ್ಯಾಟರಿಯನ್ನು ಇಟ್ಟರೆ ಇಂಗ್ಲೆಂಡಿನ ಮಕ್ಕಳ ಸ್ಪರ್ಧೆಯ ತಿರುಳು ತಿರ್ಲಾಪುರದ ಯಾವ ರೈತನಿಗೂ ಅರ್ಥವಾಗುತ್ತದೆ. ವ್ಯತ್ಯಾಸವೊಂದೇ: ಎತ್ತು ಒಂದು ನಿಮಿಷದಲ್ಲಿ ತನ್ನ ಸರ್ವಶಕ್ತಿಯನ್ನೂ ವ್ಯಯಿಸಬಹುದು, ಬ್ಯಾಟರಿ ಪೂರ್ತಿ ಅವಧಿಯವರೆಗೆ ಬಾಳಬೇಕು.

ವೆಚ್ಚದ ಲೆಕ್ಕ ಕಲಿಸುವ ರೇಸ್

ಈ ಸ್ಪರ್ಧೆಯ ಶೈಕ್ಷಣಿಕ ಮೌಲ್ಯ ಅಡಗಿರುವುದು ಇಲ್ಲಿಯೇ. 36 ಆಂಪಿಯರ್-ಗಂಟೆ ಸಾಮರ್ಥ್ಯದ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿದರೆ 24 ವೋಲ್ಟ್ ದೊರೆಯುತ್ತದೆ. ಒಟ್ಟು ಸಂಗ್ರಹ 864 ವಾಟ್-ಗಂಟೆ. ಹೆಸ್ಕಾಂ ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ ಒಂದು ಯೂನಿಟ್ಟಿಗೂ ಕಡಿಮೆ. ಒಂದು ತಂಡದ ಸಂಪೂರ್ಣ ಬಂಡವಾಳ ಇಷ್ಟೇ. ವ್ಯಾಪಾರಿಯೊಬ್ಬ ಸೀಮಿತ ಮೂಲಧನದಿಂದ ವರ್ಷವಿಡೀ ಅಂಗಡಿ ನಡೆಸುವಂತೆ ಮಕ್ಕಳು ಇಷ್ಟರಲ್ಲಿ ಕೊನೆಯ ನಿಮಿಷದವರೆಗೆ ಕಾರನ್ನು ನಡೆಸಬೇಕು.

ಆ ಬಂಡವಾಳವೂ ಪೂರ್ತಿ ಕೈಗೆ ಬರುವುದಿಲ್ಲ. ಇಂತಹ ಬ್ಯಾಟರಿಯ ಮೇಲೆ ಬರೆದಿರುವ ಸಾಮರ್ಥ್ಯವು ಸಾಮಾನ್ಯವಾಗಿ ಇಪ್ಪತ್ತು ಗಂಟೆಗಳ ಕಾಲ ನಿಧಾನವಾಗಿ ಖಾಲಿ ಮಾಡಿದಾಗ ಸಿಗುವ ಲೆಕ್ಕ. ಒಂದೇ ಗಂಟೆಯಲ್ಲಿ ಹೀರಿಕೊಂಡರೆ ಅದೇ ಬ್ಯಾಟರಿ ಗಣನೀಯವಾಗಿ ಕಡಿಮೆ ಕೊಡುತ್ತದೆ. ಆತುರದಲ್ಲಿ ಮಾಲು ಮಾರಿದವನಿಗೆ ದರ ಕಡಿಮೆ ಸಿಗುವುದನ್ನು ಕಂಡ ಮಾರುಕಟ್ಟೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸೋರಿಕೆಯ ಬಾಬುಗಳು ಇನ್ನೂ ಇವೆ. ತಂತಿಯಲ್ಲಿ ಹರಿಯುವ ವಿದ್ಯುತ್ ಪ್ರವಾಹ ಎರಡು ಪಟ್ಟಾದರೆ ಅದರಲ್ಲಿ ಶಾಖವಾಗಿ ವ್ಯರ್ಥವಾಗುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಪುಸ್ತಕದಲ್ಲಿ ಬಾಯಿಪಾಠ ಮಾಡಿದ ಜೂಲ್‌ನ ನಿಯಮ ಇದೇ. ಸಡಿಲವಾದ ಒಂದು ಟರ್ಮಿನಲ್, ತೆಳುವಾದ ಒಂದು ಕೇಬಲ್ ಮುಟ್ಟಿದರೆ ಬಿಸಿ. ಆ ಬಿಸಿಯೇ ಕಳೆದುಹೋದ ದೂರ. ಕಾರಿನ ವೇಗವನ್ನು ಗಂಟೆಗೆ 20 ಕಿಲೋಮೀಟರಿನಿಂದ 40ಕ್ಕೆ ಏರಿಸಿದರೆ ಗಾಳಿಯ ಪ್ರತಿರೋಧ ನಾಲ್ಕು ಪಟ್ಟು, ಅದನ್ನು ಮೀರಲು ಮೋಟರ್ ಒದಗಿಸಬೇಕಾದ ವಾಟ್ ಎಂಟು ಪಟ್ಟು. ಹೀಗಾಗಿ ಚಾಲಕ ತಗ್ಗಿ ಮಲಗಿದಂತೆ ಕೂರುವ, ನೆಲಕ್ಕೆ ಹತ್ತಿರವಾದ, ಕಿರಿದಾದ ಆಕಾರಕ್ಕೆ ತಂಡಗಳು ಬಂದು ನಿಲ್ಲುತ್ತವೆ. ಮುಂದಿನ ಎರಡು ಚಕ್ರಗಳು ಒಂದಕ್ಕೊಂದು ಸಮಾನಾಂತರವಾಗಿಲ್ಲದಿದ್ದರೆ ಟಯರು ನೆಲವನ್ನು ಉಜ್ಜುತ್ತದೆ. ಕೆಲವೇ ಮಿಲಿಮೀಟರಿನ ಈ ದೋಷ ಕಣ್ಣಿಗೆ ಕಾಣುವುದಿಲ್ಲ, ಅಳತೆಪಟ್ಟಿಗೆ ಮಾತ್ರ ಕಾಣುತ್ತದೆ. ಮೊದಲ ವರ್ಷ ಸೋತ ತಂಡಗಳು ಹೆಚ್ಚು ಬಲದ ಮೋಟರ್ ಹುಡುಕುವಂತಿಲ್ಲ, ನಿಯಮ ಬಿಡದು. ಬೇರಿಂಗ್, ಸರಪಳಿ, ಟಯರಿನ ಗಾಳಿ, ಚಾಲಕನ ಸಂಯಮ ಇವುಗಳ ಕಡೆಗೇ ತಿರುಗಬೇಕು. ಕಾರ್ಖಾನೆಯೊಂದರಲ್ಲಿ ಉತ್ಪಾದನಾ ವೆಚ್ಚ ತಗ್ಗಿಸುವ ಎಂಜಿನಿಯರ್ ಮಾಡುವ ಕೆಲಸವೂ ಇದಕ್ಕಿಂತ ಬೇರೆಯಲ್ಲ.

ಹಣವಂತ ಶಾಲೆಗೆ ಇಲ್ಲಿ ಸಹಜವಾದ ಮೇಲುಗೈ ಸಿಗುವುದಿಲ್ಲವೆಂಬುದು ಗಮನಾರ್ಹ. ಮೋಟರ್ ಮತ್ತು ಬ್ಯಾಟರಿಯನ್ನು ಕೊಂಡು ಗೆಲ್ಲುವ ದಾರಿಯನ್ನು ನಿಯಮವೇ ಮುಚ್ಚಿದೆ.

ಸಣ್ಣ ಊರು, ಬಡ ಬಡಾವಣೆ

ಈ ಮಾತಿಗೆ ಅಮೆರಿಕದಲ್ಲಿ ಪುರಾವೆಗಳಿವೆ. ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನ ವಿನ್‌ಸ್ಟನ್ ಶಾಲೆಯಲ್ಲಿ 1993ರಲ್ಲಿ ರೂಪುಗೊಂಡ ಸೌರ ಕಾರು ಕಾರ್ಯಕ್ರಮವು 1995ರಲ್ಲಿ ಪ್ರೌಢಶಾಲೆಗಳ ಮೊದಲ ಸೌರ ರೇಸನ್ನು ನಡೆಸಿತು. ಸೂರ್ಯನ ಬೆಳಕಿನಿಂದ ಬ್ಯಾಟರಿ ತುಂಬಿಕೊಂಡು ಓಡುವ ವಿದ್ಯುತ್ ಕಾರುಗಳ ಈ ಸ್ಪರ್ಧೆಯಲ್ಲಿ 2000ದ ದಶಕದಲ್ಲಿ ಸತತವಾಗಿ ಹಲವು ವರ್ಷ ಗೆದ್ದದ್ದು ಮಹಾನಗರದ ಶಾಲೆಯಲ್ಲ. ಮಿಸಿಸಿಪ್ಪಿ ರಾಜ್ಯದ ಹೂಸ್ಟನ್ ಎಂಬ ಪುಟ್ಟ ಗ್ರಾಮೀಣ ಪಟ್ಟಣದ ವಿದ್ಯಾರ್ಥಿಗಳು. ಹೆಸರು ಒಂದೇ ಆದರೂ ಇದು ಟೆಕ್ಸಾಸಿನ ಪ್ರಸಿದ್ಧ ಹೂಸ್ಟನ್ ನಗರವಲ್ಲ. ಅವರ ಕಾರಿನ ಹೆಸರು 'ಸನ್‌ಡ್ಯಾನ್ಸರ್'.

ಇನ್ನೊಂದು ಉದಾಹರಣೆ ಫಿಲಡೆಲ್ಫಿಯಾದ್ದು. ಬಡವರೇ ಹೆಚ್ಚಾಗಿರುವ ಬಡಾವಣೆಯ ವೆಸ್ಟ್ ಫಿಲಡೆಲ್ಫಿಯಾ ಪ್ರೌಢಶಾಲೆಯಲ್ಲಿ ಸೈಮನ್ ಹಾಗರ್ ಎಂಬ ಶಿಕ್ಷಕರು ಶಾಲಾ ಅವಧಿಯ ನಂತರ ವಾಹನ ಕಟ್ಟುವ ತಂಡವೊಂದನ್ನು ಬೆಳೆಸಿದರು. ಬಯೋಡೀಸೆಲ್ ಮತ್ತು ವಿದ್ಯುತ್ ಎರಡರಿಂದಲೂ ಓಡುವ ಅವರ ಸ್ಪೋರ್ಟ್ಸ್ ಕಾರು 2005 ಮತ್ತು 2006ರಲ್ಲಿ 'ಟೂರ್ ಡಿ ಸೋಲ್' ಎಂಬ ಪರ್ಯಾಯ ಇಂಧನ ವಾಹನಗಳ ಸ್ಪರ್ಧೆಯಲ್ಲಿ ಮೊದಲ ಸ್ಥಾನ ಪಡೆಯಿತು. ಒಂದು ಕೋಟಿ ಡಾಲರ್ ಬಹುಮಾನದ ಆಟೊಮೋಟಿವ್ ಎಕ್ಸ್ ಪ್ರೈಜ್‌ನಲ್ಲಿ ಕಂಪನಿಗಳೊಂದಿಗೆ ಸೆಣಸಿದ ಇದೇ ತಂಡ 2010ರಲ್ಲಿ ನಡುವಿನ ಸುತ್ತಿನವರೆಗೂ ಉಳಿದು ಹೊರಬಿದ್ದಿತು. ಬಹುಮಾನ ಬರಲಿಲ್ಲ ನಿಜ. ಆದರೆ ಶಾಲಾ ಮಕ್ಕಳ ತಂಡವೊಂದು ಅಲ್ಲಿಯವರೆಗೆ ತಲುಪಿದ್ದೇ ಅಂದು ದೊಡ್ಡ ಸುದ್ದಿಯಾಯಿತು.

ರೇಸಿನಿಂದ ಕಾರ್ಖಾನೆಗೆ

ಮಕ್ಕಳಾಟದಿಂದ ಉದ್ದಿಮೆಗೆ ಏನು ಲಾಭ ಎಂದು ಕೇಳುವವರಿಗೆ ಕರ್ನಾಟಕದಲ್ಲಿಯೇ ಉತ್ತರವಿದೆ. ಬೆಂಗಳೂರಿನ ಚೇತನ್ ಮೈನಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿದ್ದಾಗ ಅಲ್ಲಿಯ ಸೌರ ಕಾರು ತಂಡದಲ್ಲಿದ್ದರು. ವಿದ್ಯಾರ್ಥಿಗಳೇ ನಿರ್ಮಿಸಿದ 'ಸನ್‌ರನ್ನರ್' ಕಾರು 1990ರಲ್ಲಿ ಫ್ಲಾರಿಡಾದಿಂದ ಮಿಶಿಗನ್‌ವರೆಗಿನ ಸನ್‌ರೇಸ್ ಸ್ಪರ್ಧೆಯನ್ನು ಗೆದ್ದಿತು. ಅದೇ ವರ್ಷ ಆಸ್ಟ್ರೇಲಿಯಾದ ಡಾರ್ವಿನ್‌ನಿಂದ ಅಡಿಲೇಡ್‌ವರೆಗೆ ಸುಮಾರು 3000 ಕಿಲೋಮೀಟರ್ ದೂರದ ವಿಶ್ವ ಸೌರ ಸ್ಪರ್ಧೆಯಲ್ಲಿ ಮೂರನೆಯದಾಗಿ ಗುರಿ ಮುಟ್ಟಿತು. ಅಲ್ಲಿ ಮೊದಲ ಸ್ಥಾನ ಪಡೆದದ್ದು ಸ್ವಿಟ್ಜರ್‌ಲೆಂಡಿನ ಬೀಲ್ ನಗರದ ಎಂಜಿನಿಯರಿಂಗ್ ಕಾಲೇಜಿನ ಕಾರು; ಹೋಂಡಾ ಕಂಪನಿಯದು ಎರಡನೆಯದು. ಒಂದು ಕಾಲೇಜು ಒಂದು ಜಾಗತಿಕ ಕಂಪನಿಯನ್ನು ಹಿಂದಿಕ್ಕಿದ ಈ ಫಲಿತಾಂಶ ಇಂದಿಗೂ ಮೆಲುಕು ಹಾಕುವಂಥದು.

ಮೈನಿ ಅವರ ಮುಂದಿನ ದಾರಿ ಉದ್ಯಮಿಗಳಿಗೆ ತಿಳಿದದ್ದೇ. 1994ರಲ್ಲಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿ ಸ್ಥಾಪನೆಯಾಯಿತು. 2001ರಲ್ಲಿ ಬೆಂಗಳೂರಿನ ರಸ್ತೆಗಳಿಗೆ ರೇವಾ ಇಳಿಯಿತು. 48 ವೋಲ್ಟಿನ ಸೀಸ-ಆಮ್ಲ ಬ್ಯಾಟರಿಗಳ ಆ ಎರಡು ಬಾಗಿಲಿನ ಪುಟ್ಟ ಕಾರು ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿಲೋಮೀಟರ್ ಓಡುತ್ತಿತ್ತು. ಲಂಡನ್ನಿನಲ್ಲಿ 'ಜಿ-ವಿಜ್' ಎಂಬ ಹೆಸರಿನಿಂದ ಮಾರಾಟವಾಯಿತು. ಸ್ವದೇಶದಲ್ಲಿ ಗ್ರಾಹಕರು ಹಿಂಜರಿದರು. ಗಾತ್ರ, ಬೆಲೆ, ಚಾರ್ಜಿಂಗ್ ವ್ಯವಸ್ಥೆ ಎಲ್ಲವೂ ಆಗ ಪ್ರಶ್ನೆಗಳಾಗಿದ್ದವು. 2010ರಲ್ಲಿ ಮಹೀಂದ್ರಾ ಸಮೂಹ ಕಂಪನಿಯ ಬಹುಪಾಲನ್ನು ಖರೀದಿಸಿತು. ಅದೇ ಮಹೀಂದ್ರಾ 2014ರಲ್ಲಿ ಬೀಜಿಂಗ್‌ನಲ್ಲಿ ಆರಂಭವಾದ ಫಾರ್ಮುಲಾ ಇ ವಿದ್ಯುತ್ ರೇಸಿನ ಸ್ಥಾಪಕ ತಂಡಗಳಲ್ಲೊಂದಾಯಿತು. 2023ರ ಫೆಬ್ರುವರಿಯಲ್ಲಿ ಆ ರೇಸ್ ಹೈದರಾಬಾದಿಗೂ ಬಂದಿತು. ಮೈನಿಯವರೋ 2017ರ ಹೊತ್ತಿಗೆ ಬ್ಯಾಟರಿ ಬದಲಾವಣೆಯ ಉದ್ಯಮಕ್ಕೆ ಕೈಹಾಕಿದ್ದರು.

ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ರೇಸ್ ಕಾರು ಕಟ್ಟುವ ಪರಂಪರೆಯೂ ಬೆಳೆದಿದೆ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ 'ಅಶ್ವ ರೇಸಿಂಗ್' 2003ರಷ್ಟು ಹಿಂದಿನದು. ಭಾರತೀಯ ಆಟೊಮೋಟಿವ್ ಎಂಜಿನಿಯರುಗಳ ಸಂಸ್ಥೆ ನಡೆಸುವ ಬಾಹಾ ಸ್ಪರ್ಧೆಯಲ್ಲಿ ವಿದ್ಯುತ್ ವಾಹನಗಳಿಗೆ ಪ್ರತ್ಯೇಕ ವಿಭಾಗವಿದೆ. ಅದೇ ಸಂಸ್ಥೆ ಶಾಲಾ ಮಕ್ಕಳಿಗಾಗಿ ಬಲೂನಿನ ಗಾಳಿಯಿಂದ ಓಡುವ ಆಟಿಕೆ ಕಾರು, ಹಾಯಿ ಕಟ್ಟಿದ ಕಾಗದದ ಗಾಡಿಗಳ ಕಾರ್ಯಕ್ರಮವನ್ನೂ ರೂಪಿಸಿದೆ. ಆಟಿಕೆಗೂ ಕಾಲೇಜಿನ ರೇಸ್ ಕಾರಿಗೂ ನಡುವಿನ ಮೆಟ್ಟಿಲು, ಅಂದರೆ ಪ್ರೌಢಶಾಲೆಯ ಮಕ್ಕಳು ಸ್ವತಃ ಕೂತು ಓಡಿಸುವ ಕಾರು, ಇಲ್ಲಿ ಇನ್ನೂ ಗಟ್ಟಿಯಾಗಿ ಕಟ್ಟಲ್ಪಟ್ಟಿಲ್ಲ.

ಧಾರವಾಡ ಜಿಲ್ಲೆಯಲ್ಲಿ ಇರುವುದು, ಇಲ್ಲದಿರುವುದು

ಸರ್ಕಾರದ ಕಡೆಯಿಂದ ಕೆಲವು ಬಾಗಿಲುಗಳು ತೆರೆದಿವೆ. 2016ರಲ್ಲಿ ಆರಂಭವಾದ ಅಟಲ್ ಇನ್ನೊವೇಶನ್ ಮಿಷನ್ನಿನ ಟಿಂಕರಿಂಗ್ ಲ್ಯಾಬ್ ಯೋಜನೆಯು ಆಯ್ಕೆಯಾದ ಶಾಲೆಗೆ ಒಟ್ಟು 20 ಲಕ್ಷ ರೂಪಾಯಿ ನೆರವು ಒದಗಿಸುವಂತೆ ರೂಪುಗೊಂಡಿತು. ಅರ್ಧ ಸ್ಥಾಪನೆಗೆ, ಉಳಿದರ್ಧ ಐದು ವರ್ಷಗಳ ನಿರ್ವಹಣೆಗೆ. 2025ರ ಕೇಂದ್ರ ಬಜೆಟ್ಟಿನಲ್ಲಿ ಮುಂದಿನ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ 50,000 ಲ್ಯಾಬ್‌ಗಳನ್ನು ತೆರೆಯುವ ಘೋಷಣೆಯಾಯಿತು. ಇನ್‌ಸ್ಪೈರ್ ಮಾನಕ್ ಯೋಜನೆಯಡಿ ಆಯ್ಕೆಯಾದ ವಿದ್ಯಾರ್ಥಿಗೆ ಮಾದರಿ ತಯಾರಿಸಲು 10,000 ರೂಪಾಯಿ ದೊರೆಯುತ್ತದೆ. ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿದ ರಾಜ್ಯದ 150 ಸರ್ಕಾರಿ ಐಟಿಐಗಳು 2022ರಲ್ಲಿ ಲೋಕಾರ್ಪಣೆಗೊಂಡವು; ವಿದ್ಯುತ್ ವಾಹನದ ತರಬೇತಿಯೂ ಅವುಗಳ ಪಠ್ಯದಲ್ಲಿದೆ.

ಟಿಂಕರಿಂಗ್ ಲ್ಯಾಬ್ ಎಂದರೆ ಮುಖ್ಯವಾಗಿ ಸೆನ್ಸರ್, ಸರ್ಕ್ಯೂಟ್ ಬೋರ್ಡ್, ತ್ರಿಡಿ ಪ್ರಿಂಟರ್. ಮೇಜಿನ ಮೇಲಿನ ಕೆಲಸಕ್ಕೆ ಅವು ಉತ್ತಮ. ಮನುಷ್ಯನ ಭಾರ ಹೊರುವ ಚೌಕಟ್ಟನ್ನು ಬೆಸುಗೆ ಹಾಕಲು, ಆಕ್ಸಲನ್ನು ಲೇತಿನಲ್ಲಿ ತಿರುವಲು, ಬೇರಿಂಗ್ ಹೌಸಿಂಗನ್ನು ಅಳತೆಗೆ ಕೊರೆಯಲು ಅವು ಸಾಲವು. ಆ ಯಂತ್ರಗಳು ಶಾಲೆಯಲ್ಲಿಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಗಳಲ್ಲಿವೆ. ಕೈಗಾರಿಕಾ ವಾಲ್ವ್‌ಗಳಿಗೆ ಹೆಸರಾದ ನಗರ ಹುಬ್ಬಳ್ಳಿ. ಮೋಟರ್ ತಯಾರಿಕೆಯ ಅನುಭವವೂ ಈ ಅವಳಿ ನಗರಕ್ಕಿದೆ. ಬ್ಯಾಟರಿ, ಸೈಕಲ್ ಚಕ್ರ, ಸರಪಳಿ, ಚೌಕ ಪೈಪು ಯಾವುದಕ್ಕೂ ಬೆಂಗಳೂರಿಗೆ ಹೋಗಬೇಕಾಗಿಲ್ಲ. ವಿದ್ಯುತ್ ಆಟೊರಿಕ್ಷಾಗಳ ಮೋಟರ್, ಕಂಟ್ರೋಲರ್‌ಗಳು ಬಿಡಿಭಾಗದ ಮಾರುಕಟ್ಟೆಗೆ ಬಂದಿವೆ. ಒಂದು ಎಚ್ಚರಿಕೆ ಅಗತ್ಯ: ಟ್ರ್ಯಾಕ್ಟರಿನ ಸ್ಟಾರ್ಟರ್ ಬ್ಯಾಟರಿ ಈ ಕೆಲಸಕ್ಕೆ ತಕ್ಕದ್ದಲ್ಲ. ಅದು ಕ್ಷಣಕಾಲ ಭಾರಿ ಪ್ರವಾಹ ಕೊಡಲು ನಿರ್ಮಿತವಾದದ್ದು. ಪದೇ ಪದೇ ಪೂರ್ತಿ ಖಾಲಿ ಮಾಡಿದರೆ ಬೇಗ ಹಾಳಾಗುತ್ತದೆ. ಆಳವಾಗಿ ಖಾಲಿ ಮಾಡಬಹುದಾದ ಬಗೆಯ ಬ್ಯಾಟರಿಯೇ ಬೇಕು.

ಕಂಪನಿ ಕಾಯ್ದೆ 2013ರ 135ನೆಯ ಕಲಮಿನ ಪ್ರಕಾರ ಸಾಮಾಜಿಕ ಹೊಣೆಗಾರಿಕೆಯ ಶೇ. 2ರ ವೆಚ್ಚ ಕಡ್ಡಾಯವಾಗುವುದು 500 ಕೋಟಿ ನಿವ್ವಳ ಮೌಲ್ಯ, 1000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ ಮುಟ್ಟಿದ ಕಂಪನಿಗಳಿಗೆ. ಸಣ್ಣ ಉದ್ದಿಮೆಗಳಲ್ಲಿ ಬಹುತೇಕ ಈ ವ್ಯಾಪ್ತಿಗೆ ಬರುವುದಿಲ್ಲ. ಅವರಿಂದ ಹಣ ಕೇಳುವುದು ವ್ಯರ್ಥ, ಅಗತ್ಯವೂ ಅಲ್ಲ. ಶನಿವಾರ ಮಧ್ಯಾಹ್ನ ಎರಡು ತಾಸು ಲೇತಿನ ಸಮಯ, ಅನುಭವಿ ಫಿಟ್ಟರನೊಬ್ಬನ ಮಾರ್ಗದರ್ಶನ, ಗುಜರಿಗೆ ಹೋಗಲಿರುವ ಪೈಪಿನ ತುಂಡುಗಳು: ಶಾಲೆಯೊಂದಕ್ಕೆ ಇದರ ಬೆಲೆ ಚೆಕ್ಕಿಗಿಂತ ಹೆಚ್ಚು. ಮಕ್ಕಳು ಪಾಳಿಯ ಕಾರ್ಮಿಕರಂತೆ ದುಡಿಯಬಾರದು, ಯಂತ್ರವನ್ನು ಹಿರಿಯರೇ ನಡೆಸಬೇಕು, ಅಳತೆ ಮತ್ತು ಜೋಡಣೆ ಮಕ್ಕಳದ್ದಾಗಬೇಕು. ಈ ಗೆರೆಯನ್ನು ಮೊದಲೇ ಎಳೆದುಕೊಳ್ಳುವುದು ಒಳಿತು.

ಓದು ಕಡಿಮೆಯಿದ್ದ ಕೈಗಳಿಂದಲೂ ಹೊಸ ಯಂತ್ರ ಹುಟ್ಟಬಲ್ಲದೆಂಬುದಕ್ಕೆ ಈ ಸೀಮೆ ದೂರದ ನಿದರ್ಶನ ಹುಡುಕಬೇಕಾಗಿಲ್ಲ. ಹಿಂದೆ ನವಲಗುಂದ ತಾಲೂಕಿನಲ್ಲಿಯೇ ಇದ್ದ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಹುಣಸೆ ಬೀಜ ಬೇರ್ಪಡಿಸುವ ಯಂತ್ರ, ಬಿತ್ತುವ ಕೂರಿಗೆ, ಕಬ್ಬು ನಾಟಿ ಮಾಡುವ ಸಾಧನ ಮುಂತಾದವನ್ನು ರೂಪಿಸಿ 2022ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ಬೆಳಗ್ಗೆ ಏಳಲಾಗದೆ ತನ್ನ ಮುಖದ ಮೇಲೆ ತಾನೇ ನೀರು ಬೀಳುವಂತೆ ಅಲಾರಾಂ ಕಟ್ಟಿಕೊಂಡದ್ದು ಅವರ ಮೊದಲ ಆವಿಷ್ಕಾರವೆಂದು ಈ ಭಾಗದ ಜನ ನಗುತ್ತಾ ನೆನೆಯುತ್ತಾರೆ. ಅಂತಹ ತಲೆಗಳು ಪ್ರತಿ ಶಾಲೆಯ ಹಿಂದಿನ ಬೆಂಚಿನಲ್ಲಿಯೂ ಒಂದೆರಡು ಇದ್ದೇ ಇರುತ್ತವೆ. ಅಂಕಪಟ್ಟಿ ಅವನ್ನು ಗುರುತಿಸದು.

ಉಳಿದದ್ದು ಸುರಕ್ಷತೆ ಮತ್ತು ಓಡುದಾರಿ. ಹದಿನಾಲ್ಕು ಹದಿನೈದರ ಮಕ್ಕಳು ಇಂತಹ ವಾಹನವನ್ನು ಸಾರ್ವಜನಿಕ ರಸ್ತೆಗೆ ಒಯ್ಯುವಂತಿಲ್ಲ. ಮುಚ್ಚಿದ ಆವರಣವೇ ಬೇಕು. ಹೆಲ್ಮೆಟ್, ಸೀಟು ಪಟ್ಟಿ, ತಲೆಯ ಮೇಲೆ ಉರುಳುಕಂಬಿ, ಎರಡು ಸ್ವತಂತ್ರ ಬ್ರೇಕು, ಚಾಲಕನ ಕೈಗೂ ಹೊರಗಿನವರ ಕೈಗೂ ಎಟುಕುವ ವಿದ್ಯುತ್ ಕಡಿತದ ಸ್ವಿಚ್ಚು, ಬ್ಯಾಟರಿಗೆ ಫ್ಯೂಜು: ಇವುಗಳಲ್ಲಿ ಒಂದು ಕಡಿಮೆಯಾದರೂ ಕಾರು ನೆಲಕ್ಕಿಳಿಯಬಾರದು. ಆರಂಭದಲ್ಲಿ ಲಿಥಿಯಂ ಬ್ಯಾಟರಿಯ ಮೋಹವೂ ಬೇಡ. ತಪ್ಪಾಗಿ ಬಳಸಿದರೆ ಅದರ ಬೆಂಕಿ ಆರಿಸುವುದು ಕಷ್ಟ. ಭಾರವಾದರೂ ಸೀಸ-ಆಮ್ಲವೇ ಶಾಲೆಗೆ ತಕ್ಕದ್ದು.

ಎರೆ ಮಣ್ಣಿನ ಮೈದಾನ ಮಳೆಗಾಲದಲ್ಲಿ ಚಕ್ರವನ್ನು ಬಿಡುವುದಿಲ್ಲ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ರೇಸ್ ಟ್ರ್ಯಾಕ್ ಕಟ್ಟಿಸುವ ಮಾತು ದುಬಾರಿ. ಇಂಗ್ಲೆಂಡಿನ ಗುಡ್‌ವುಡ್ ಕೂಡ ಮೂಲತಃ ಎರಡನೆಯ ಮಹಾಯುದ್ಧ ಕಾಲದ ವಿಮಾನ ನೆಲೆಯ ಸುತ್ತುರಸ್ತೆಯೇ. ರೇಸಿಗಾಗಿ ಹಾಕಿದ ದಾರಿಯಲ್ಲ. ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿ ಪ್ರಾಂಗಣದಲ್ಲಿ ಅಗಲವಾದ ಒಳರಸ್ತೆಗಳಿವೆ, ಸುತ್ತ ಆವರಣವಿದೆ. ಆವಕ ಇಲ್ಲದ ರಜಾ ದಿನದಲ್ಲಿ ಅಲ್ಲಿ ಲಾರಿಗಳ ಓಡಾಟ ವಿರಳ. ಸಮಿತಿಯ ಅನುಮತಿ, ಮಕ್ಕಳಿಗೆ ವಿಮೆ, ಒಂದು ಆಂಬುಲೆನ್ಸ್, ತಿರುವುಗಳಲ್ಲಿ ಹುಲ್ಲಿನ ಪೆಂಡಿ ಅಥವಾ ಹಳೆಯ ಟಯರಿನ ಸಾಲು ಇಷ್ಟನ್ನು ಒದಗಿಸಲು ವರ್ತಕರ ಸಂಘಗಳಿಗೆ ಕಷ್ಟವೇನಿಲ್ಲ.

ಶಾಲೆಯ ಪಂಚಾಂಗವನ್ನೂ ನೋಡಿಕೊಳ್ಳಬೇಕು. ಜೂನಿನಲ್ಲಿ ತರಗತಿಗಳು ಆರಂಭ. ಮಾರ್ಚ್ ಬಂತೆಂದರೆ ಎಸ್ಸೆಸ್ಸೆಲ್ಸಿ. ಹತ್ತನೆಯವರನ್ನು ಬಿಟ್ಟು ಎಂಟು, ಒಂಬತ್ತನೆಯ ತರಗತಿಯವರಿಂದ ತಂಡ ಕಟ್ಟುವುದೇ ವಿವೇಕ. ಜುಲೈನಲ್ಲಿ ಮೋಟರ್, ಬ್ಯಾಟರಿಗಳು ಶಾಲೆಯ ಕೈ ಸೇರಿದರೆ ದಸರಾ ರಜೆಗೆ ಚೌಕಟ್ಟು ಸಿದ್ಧವಾಗುತ್ತದೆ. ದೀಪಾವಳಿಯ ನಂತರ ತಂತಿ ಜೋಡಣೆ, ಬ್ರೇಕಿನ ಪರೀಕ್ಷೆ. ನಾಲ್ಕೈದು ಶಾಲೆಗಳು ಒಪ್ಪಿದರೂ ಮೊದಲ ಓಟಕ್ಕೆ ಸಾಕು. ಜನವರಿಯಲ್ಲಿ ಸಂಕ್ರಾಂತಿಯ ಆಸುಪಾಸು ನೆಲ ಒಣಗಿರುತ್ತದೆ, ಬಿಸಿಲು ಇನ್ನೂ ಏರಿರುವುದಿಲ್ಲ.